ಒಂದು ರಾತ್ರಿಯ ಚಳಿಗೆ ಆರ್ವಿಡ್ ಮಾಡಿದ ಏರ್ಪಾಡು

ಚಳಿಯ ವಿಷಯ ಬಂದರೆ ಪಾಮ್ ಶೇಡ್ ಪಾರ್ಕಿನಲ್ಲಿ ಆರ್ವಿಡ್ ಟೊಲ್ಲೆಫ್ಸನ್‌ಗೆ ಎದುರು ಮಾತಾಡುವವರೇ ಇರಲಿಲ್ಲ. ಟೆಕ್ಸಾಸಿನ ತಳದಲ್ಲಿರುವ ಆ ಪಾರ್ಕಿಗೆ ಟ್ರೇಲರ್ ಮನೆಗಳನ್ನು ಎಳೆದುಕೊಂಡು ಬಂದು ಬೀಡುಬಿಟ್ಟವರೆಲ್ಲ ಉತ್ತರದ ಹಿಮಕ್ಕೆ ಹೆದರಿ ಓಡಿಬಂದ ನಿವೃತ್ತರೇ. ಆದರೆ ಓಡಿಬಂದವರಲ್ಲೂ ಮೇಲುಕೀಳು ಇದ್ದೇ ಇರುತ್ತದೆ: ಯಾರ ರಾಜ್ಯದಲ್ಲಿ ಚಳಿ ಹೆಚ್ಚೋ ಅವರೇ ಮೇಲು. ಪ್ರತಿಯೊಬ್ಬರೂ ಹೆಸರು ಮತ್ತು ರಾಜ್ಯ ಬರೆದ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡೇ ಓಡಾಡಬೇಕೆಂಬುದು ಪಾರ್ಕಿನ ನಿಯಮ. ಮಿಸೌರಿಯ ಬಿಲ್ಲೆ ಕಂಡರೆ ಅಯೋವಾದವರು ಎದೆ ಸೆಟೆಸುತ್ತಿದ್ದರು. ಅಯೋವಾದವರೆಲ್ಲ ಕಂಡ ಕೂಡಲೇ ದನಿ ತಗ್ಗಿಸುತ್ತಿದ್ದ ಬಿಲ್ಲೆ ಒಂದೇ ಒಂದು: ಆರ್ವಿಡ್, ನಾರ್ತ್ ಡಕೋಟಾ.

ಈ ಮರ್ಯಾದೆಗೆ ಅವನು ಕುಂದು ಬರಲು ಬಿಟ್ಟವನಲ್ಲ. ಜನವರಿಯ ಬೆಳಿಗ್ಗೆ ಬೇರೆಯವರು ಜಾಕೆಟ್ ಹಾಕಿ ಶಫಲ್‌ಬೋರ್ಡ್ ಆಡಲು ಬಂದರೆ, ಅವನು ಅರ್ಧ ತೋಳಿನ ಅಂಗಿಯಲ್ಲಿ ಬಂದು ನಿಂತು, ಮೈಯೆಲ್ಲ ರೋಮ ನಿಮಿರಿದ್ದರೂ, "ಇದನ್ನ ಚಳಿ ಅಂತೀರಾ?" ಎಂದು ಕೇಳುತ್ತಿದ್ದ. ಅವನೂರಿನಲ್ಲಿ ಕಣ್ಣೀರು ಕೆನ್ನೆಯ ಮೇಲೇ ಹೆಪ್ಪುಗಟ್ಟುತ್ತಿತ್ತಂತೆ. ಅಲ್ಲಿ ಉಗುಳಿದ್ದು ನೆಲ ಮುಟ್ಟುವಾಗ ಟಣ್ಣೆನ್ನುತ್ತಿತ್ತಂತೆ. ಈ ಅಂತೆಗಳಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಚಳಿಯನ್ನೆಲ್ಲ ಆರ್ವಿಡ್ ನೋಡಿದ್ದು ಮೂವತ್ತೊಂದು ವರ್ಷ ತಾನು ಗುಮಾಸ್ತನಾಗಿದ್ದ ಕಚೇರಿಯ ಎರಡು ಪದರದ ಗಾಜಿನ ಕಿಟಕಿಯೊಳಗಿಂದ, ಕಾಲಬಳಿ ಹೀಟರ್ ಇಟ್ಟುಕೊಂಡು. ಆಗ ಪ್ರತಿ ಅಕ್ಟೋಬರಿನಲ್ಲಿ ಅವನ ಟ್ರೇಲರಿನ ಪೈಪುಗಳು ಒಡೆಯದಂತೆ ಬಂದೋಬಸ್ತು ಮಾಡುತ್ತಿದ್ದವನು ಅವನೂರಿನ ಗ್ಯಾರೇಜಿನ ಲೆರಾಯ್. ಆರ್ವಿಡ್ ಟಾರ್ಚು ಹಿಡಿಯುತ್ತಿದ್ದ.

ಅವನ ಹೆಂಡತಿ ಮಾರ್ಡೆಲ್‌ಗೆ ಇದು ಗೊತ್ತಿತ್ತು. ಗೊತ್ತಿದ್ದೂ ಆರು ಚಳಿಗಾಲ ಬಾಯಿ ಬಿಟ್ಟಿರಲಿಲ್ಲ. ಗಂಡನ ಬಡಾಯಿಯಿಂದ ಯಾರಿಗೂ ನಷ್ಟವಿಲ್ಲ ಎಂಬುದು ಅವಳ ಲೆಕ್ಕ. ಅವಳ ಚಿಂತೆಯೇ ಬೇರೆ ಇತ್ತು. ಅವರ ಟ್ರೇಲರ್ ಇದ್ದದ್ದು ಪಾರ್ಕಿನ ಕಟ್ಟಕಡೆಗೆ, ಕಾಲುವೆ ದಂಡೆಯ ಅರವತ್ತೆರಡನೇ ಜಾಗದಲ್ಲಿ. ಇಸ್ಪೀಟು, ಊಟ, ಕುಣಿತ ಎಲ್ಲ ನಡೆಯುವ ಸಭಾಂಗಣ ಇನ್ನೊಂದು ತುದಿಯಲ್ಲಿ. ಈ ವರ್ಷ ಮಾರ್ಡೆಲ್‌ಳ ಮೊಣಕಾಲು ಪೂರ್ತಿ ಕೈಕೊಟ್ಟಿತ್ತು. ಮೊದಮೊದಲು ದಾರಿಯಲ್ಲಿ ಎರಡು ಕಡೆ ಬೇರೆಯವರ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಹೋಗುತ್ತಿದ್ದಳು. ಆಮೇಲೆ ಮೂರು ಕಡೆಯಾಯಿತು. ಕ್ರಿಸ್ಮಸ್ ಕಳೆದ ಮೇಲೆ ಹೋಗುವುದನ್ನೇ ಬಿಟ್ಟು, ಸಂಜೆಹೊತ್ತು ಒಬ್ಬಳೇ ಕೂತು ತನ್ನ ಎದುರು ತಾನೇ ಇಸ್ಪೀಟು ಹಾಕಿಕೊಳ್ಳುತ್ತಿದ್ದಳು. ಅದನ್ನು ನೋಡಲಾರದೆ ಆರ್ವಿಡ್ ಹೊರಗೆ ಹೋಗಿ ನಿಲ್ಲುತ್ತಿದ್ದ.

ಆಗಲೇ ನಾಲ್ಕನೇ ಜಾಗ ಖಾಲಿಯಾಯಿತು. ಆಫೀಸಿನ ಎದುರು, ಸಭಾಂಗಣದ ಪಕ್ಕ, ಮೇಲೆ ತಾಳೆಮರದ ನೆರಳು. ಅದನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವವರು ಪಾರ್ಕಿನ ಮ್ಯಾನೇಜರ್ ಒಫೀಲಿಯಾ, ಎಲ್ಲರ ಬಾಯಲ್ಲಿ ಸೆನ್ಯೋರಾ, ಅಂದರೆ ಅಮ್ಮಾವರು. ಒಂಬತ್ತು ಅರ್ಜಿಗಳು ಬಂದಿದ್ದವು. ಅರ್ಜಿಯ ಹಿಂದೆಯೇ ಒಂಬತ್ತು ಮನೆಗಳಿಂದ ಹಣ್ಣಿನ ಪೈಗಳೂ ಬಂದಿದ್ದವು. ಸೆನ್ಯೋರಾ ಒಂಬತ್ತನ್ನೂ ತಿಂದು ಯಾವ ಸುಳಿವೂ ಕೊಟ್ಟಿರಲಿಲ್ಲ.

"ಆ ಜಾಗ ನಮ್ದೇ ಅಂತ ತಿಳ್ಕೋ," ಎಂದ ಆರ್ವಿಡ್.

"ನೀನು ಸುಮ್ನಿದ್ರೆ ಸಿಕ್ಕಿದ್ರೂ ಸಿಗಬಹುದು," ಎಂದಳು ಮಾರ್ಡೆಲ್.

ಬುಧವಾರ ಬೆಳಿಗ್ಗೆ ರೇಡಿಯೋ ಹೇಳಿತು: ಇಂದು ರಾತ್ರಿ ಉಷ್ಣಾಂಶ ಸೊನ್ನೆಗಿಂತ ಮೂರು ಡಿಗ್ರಿ ಕೆಳಗಿಳಿಯಲಿದೆ, ಬೆಳಗಾಗುತ್ತಲೇ ಏರಲಿದೆ. ಒಟ್ಟು ನಾಲ್ಕೈದು ಗಂಟೆಯ ಮಾತು. ಆದರೆ ಟ್ರೇಲರಿನ ಪೈಪುಗಳು ನೆಲದಡಿ ಹೂತವಲ್ಲ. ತೆಳು ಗೋಡೆಯ ಹಿಂದೆ, ಹೊಟ್ಟೆಯ ಕೆಳಗೆ ಬಯಲಿಗೇ ತೆರೆದುಕೊಂಡಿರುತ್ತವೆ. ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿತೆಂದರೆ ಪೈಪು ಸೀಳಿಯೇ ಹೋಯಿತು. ಹತ್ತು ಗಂಟೆಗೆಲ್ಲ ಸಭಾಂಗಣ ತುಂಬಿಹೋಯಿತು. ಸೆನ್ಯೋರಾ ಮೇಜು ತಟ್ಟಿ, "ಏನ್ ಮಾಡೋಣ, ಹೇಳಿ," ಎಂದರು.

ಹಿಂದಿನ ಸಾಲಿನಿಂದ ಪಾರ್ಕಿನ ರಿಪೇರಿಯವನು ಚೂಯ್ ಎದ್ದು ನಿಂತ. ಐವತ್ತು ದಾಟಿದವನು, ಹುಟ್ಟಿದ್ದೇ ಹಿಮ ಅಪರೂಪವಾದ ಈ ಸೀಮೆಯಲ್ಲಿ, ಗೇಟಿನ ಬಳಿ ತನ್ನದೇ ಹಳೇ ಟ್ರೇಲರಿನಲ್ಲಿ ವಾಸ.

"ದೊಡ್ಡ ಕೆಲ್ಸ ಏನಿಲ್ಲ ಸೆನ್ಯೋರಾ. ಒಳಗಿನ ಟ್ಯಾಂಕ್ ತುಂಬ್ಸಿ ಹೊರಗಿನ ಪೈಪ್ ಬಿಚ್ಚಿಡೋದು. ಸಿಂಕಿನ ಕೆಳಗಿನ ಕಪಾಟಿನ ಬಾಗ್ಲು ತೆಗೆದಿಟ್ರೆ ಒಳಗಿನ ಬಿಸಿ ಪೈಪಿಗೂ ತಾಗುತ್ತೆ. ಪಂಪಿನ ಹತ್ರ ಒಂದು ಬಲ್ಬ್ ಉರಿಸಿ ಮಲ್ಕೊಳ್ಳೋದು. ಅಷ್ಟೇ."

ಅಯೋವಾದ ವರ್ಲಿನ್ ಹಂದಿ ಸಾಕಿ ನಿವೃತ್ತನಾದವನು, ಬಾಯಿ ಸುಮ್ಮನಿರದವನು. ಅವನು ಹಿಂದೆ ತಿರುಗಿ ಕೇಳಿದ: "ನೀನು ಹಿಮ ನೋಡಿದ್ದೀಯೇನಯ್ಯಾ ಚೂಯ್?"

"ಒಂದ್ಸಲ ನೋಡಿದ್ದೀನಿ."

"ಎಷ್ಟ್ ಹೊತ್ತು ಇತ್ತು?"

"ಬೆಳಿಗ್ಗೆ ಹತ್ತರ ತನಕ ಇತ್ತು. ಆಮೇಲೆ ಕರಗೋಯ್ತು."

ಸಭಾಂಗಣ ನಕ್ಕಿತು. ಹಿತ್ತಲ ಗಿಡ ಮದ್ದಲ್ಲ. ಚೂಯ್ ಕೂತುಕೊಂಡ. ನೂರಕ್ಕೂ ಹೆಚ್ಚು ಬಿಳಿತಲೆಗಳು ಒಟ್ಟಿಗೆ ಆರ್ವಿಡ್‌ನ ಕಡೆ ತಿರುಗಿದವು. ಸೆನ್ಯೋರಾರ ತಲೆಯೂ ತಿರುಗಿತು. ಆರ್ವಿಡ್‌ನ ಕಣ್ಣಿಗೆ ಆ ಕ್ಷಣದಲ್ಲಿ ನಾಲ್ಕನೇ ಜಾಗದ ತಾಳೆಮರ ಕಾಣಿಸಿತು. ಮಾರ್ಡೆಲ್ ಸಭೆಗೆ ಬಂದಿರಲಿಲ್ಲ. ಬಂದಿದ್ದರೆ ಅವನ ಅಂಗಿ ಹಿಡಿದು ಕೂರಿಸುತ್ತಿದ್ದಳು.

"ಚೂಯ್ ಹೇಳಿದ್ದು ಮಕ್ಕಳ ಆಟ," ಎಂದು ಆರ್ವಿಡ್ ಎದ್ದ. "ಚಳಿ ಜೊತೆ ರಾಜಿ ಮಾಡ್ಕೋಬಾರ್ದು. ನಮ್ಮಲ್ಲಿ ಒಂದ್ ತೊಟ್ಟು ನೀರೂ ಬಿಡಲ್ಲ. ಬಾಯ್ಲರು, ಟ್ಯಾಂಕು, ಪೈಪು ಎಲ್ಲಾ ಬಸೀತೀವಿ. ಆಮೇಲೆ ಆ ಪಿಂಕ್ ದ್ರಾವಣ ಇರುತ್ತಲ್ಲ, ಎಂಥಾ ಚಳೀಲೂ ಗಟ್ಟಿಯಾಗದೇ ಇರೋದು, ಅದನ್ನ ಪಂಪಿಂದ ಎಳೆಸ್ತೀವಿ. ಒಂದೊಂದೇ ನಲ್ಲಿ ತಿರುಗ್ಸಿ ನೋಡಿ. ಎಲ್ಲಾ ನಲ್ಲೀಲೂ ಪಿಂಕ್ ಬಂತೋ, ಸರಿಯಾಗಿದೆ ಅಂತ ತಿಳ್ಕೊಳಿ."

ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮೂವತ್ತು ವರ್ಷ ಟಾರ್ಚು ಹಿಡಿದದ್ದು ವ್ಯರ್ಥವಾಗಿರಲಿಲ್ಲ. ಅವನು ಮರೆತದ್ದು ಒಂದೇ ಸಂಗತಿ: ಇಷ್ಟೆಲ್ಲ ಮಾಡಿದ ಮೇಲೆ ನಾರ್ತ್ ಡಕೋಟಾದಲ್ಲಿ ಟ್ರೇಲರಿಗೆ ಬೀಗ ಹಾಕಿ ಎಲ್ಲರೂ ಮನೆಗೆ ಹೋಗುತ್ತಾರೆ, ಮೇ ತಿಂಗಳವರೆಗೆ ಅದರೊಳಗೆ ಯಾರೂ ವಾಸಿಸುವುದಿಲ್ಲ.

ಸಭೆ ಚಪ್ಪಾಳೆ ತಟ್ಟಿತು. ಸೆನ್ಯೋರಾ ಅವನ ಕೈ ಕುಲುಕಿ, "ಮಿಸ್ಟರ್ ಆರ್ವಿಡ್, ಇವತ್ತು ಪಾರ್ಕು ನಿಮ್ಮ ಕೈಲಿದೆ," ಎಂದರು. ಚೂಯ್ ಪಿಕಪ್ ಹತ್ತಿ ಅಕ್ಕಪಕ್ಕದ ಮೂರು ಊರುಗಳ ಅಂಗಡಿಗಳಲ್ಲಿ ಇದ್ದಬದ್ದ ಪಿಂಕ್ ಕ್ಯಾನುಗಳನ್ನೆಲ್ಲ ಹೇರಿಕೊಂಡು ಬಂದ. ಟ್ರೇಲರಿಗೆ ಎರಡು ಕ್ಯಾನು ಧಾರಾಳ ಎಂದು ಆರ್ವಿಡ್ ಅಂದಾಜು ಹೇಳಿದ್ದ. ಮೊದಲನೇ ಟ್ರೇಲರ್ ಆರು ಕ್ಯಾನು ಕುಡಿದರೂ ನಲ್ಲಿಯಲ್ಲಿ ಗುಲಾಬಿಯ ಸುಳಿವೇ ಇರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ಬಾಯ್ಲರಿನ ಹಿಂದೆ ಒಂದು ಸಣ್ಣ ವಾಲ್ವಿರುತ್ತದೆ. ಅದನ್ನು ತಿರುಗಿಸಿದರೆ ದ್ರಾವಣ ಬಾಯ್ಲರಿನೊಳಕ್ಕೆ ಹೋಗದೆ ನೇರ ನಲ್ಲಿಗೆ ಹೋಗುತ್ತದೆ. ತಿರುಗಿಸದಿದ್ದರೆ ಮೊದಲು ಬಾಯ್ಲರಿನ ಹೊಟ್ಟೆ ತುಂಬಬೇಕು. ಪ್ರತಿವರ್ಷ ಲೆರಾಯ್ ಆ ವಾಲ್ವು ತಿರುಗಿಸುವ ಹೊತ್ತಿಗೆ ಆರ್ವಿಡ್ ಕಾಫಿ ತರಲು ಹೋಗಿರುತ್ತಿದ್ದ. ಆಗ ಟಾರ್ಚನ್ನು ಲೆರಾಯ್ ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದ.

"ಯಾಕೋ ಜಾಸ್ತಿ ಕುಡೀತಾ ಇದೆಯಲ್ಲ," ಎಂದ ವರ್ಲಿನ್.

"ದಕ್ಷಿಣದ ಟ್ರೇಲರುಗಳಿಗೆ ಬಾಯಾರಿಕೆ ಜಾಸ್ತಿ," ಎಂದ ಆರ್ವಿಡ್.

"ಇದು ಅಯೋವಾದ್ದು ಕಣಯ್ಯಾ!"

"ಬಂದು ಎಷ್ಟ್ ದಿನ ಆಯ್ತು?"

"ಮೂರು ತಿಂಗ್ಳು."

"ಹಾಗ್ ಹೇಳು ಮತ್ತೆ."

ಸಂಜೆಯೊಳಗೆ, ಖಾಲಿ ನಾಲ್ಕನೇ ಜಾಗ ಬಿಟ್ಟು ಉಳಿದ ಅರವತ್ತೊಂದೂ ಟ್ರೇಲರುಗಳು ಬರಿದಾದವು. ಆರ್ವಿಡ್ ಹಾಡಹಗಲಲ್ಲಿ ಟಾರ್ಚು ಹಿಡಿದು ಮುಂದೆ ಮುಂದೆ ನಡೆದ; ಕೆಲಸ ಉಳಿದವರು ಮಾಡಿದರು. ಪೈಪಿನಲ್ಲಿ ಉಳಿದ ಕೊನೆಯ ತೊಟ್ಟೂ ಬಸಿದುಹೋಗಲೆಂದು ಕಡೆಯಲ್ಲಿ ಪ್ರತಿ ಟ್ರೇಲರಿನ ಹೊಟ್ಟೆಯಡಿ ಬಿಚ್ಚಿದ ಪೈಪಿನ ಬಿರಡೆಗಳು ಕಳೆದುಹೋಗಬಾರದೆಂದು, ಎಲ್ಲರ ಬಿರಡೆಗಳನ್ನೂ ಅವನೇ ಜವಾಬ್ದಾರಿಯಿಂದ ಒಂದೇ ಬಕೆಟ್ಟಿನಲ್ಲಿ ಹಾಕಿ ಇಟ್ಟುಕೊಂಡ. ಕ್ಯಾನು ಸಾಲದ ಕಡೆ ಸಿಂಕಿನ ತೂತಿಗಷ್ಟೇ ಒಂದೊಂದು ಲೋಟ ಸುರಿಸಿದ. ಕೊನೆಗೆ ಸಾರ್ವಜನಿಕ ಸ್ನಾನದಮನೆಯನ್ನೂ ಸಭಾಂಗಣದ ಅಡುಗೆಮನೆಯನ್ನೂ ಬಿಡಲಿಲ್ಲ. ಕೆಲಸವೆಂದರೆ ಪೂರ್ತಿ ಆಗಬೇಕು. ಪಾರ್ಕಿನ ಮುಖ್ಯ ವಾಲ್ವು ಮುಚ್ಚಿಸಿ, ಕೈ ಒರೆಸಿಕೊಂಡು, "ಇನ್ನು ಚಳಿ ಬರಲಿ," ಎಂದ.

ಆಗ ನೆಬ್ರಾಸ್ಕಾದ ಡೆಲೋರಿಸ್, ಸಭಾಂಗಣದ ಅಡುಗೆಯ ಉಸ್ತುವಾರಿಯವಳು, ಕೈಯೆತ್ತಿ ಕೇಳಿದಳು: "ಅಲ್ಲ ಆರ್ವಿಡ್, ರಾತ್ರಿ ಬಾತ್‌ರೂಮಿಗೆ ಹೋಗ್ಬೇಕಾದ್ರೆ ಹೇಗೆ?"

ಆರ್ವಿಡ್ ಟಾರ್ಚನ್ನು ಜೇಬಿಗಿಳಿಸಿದ.

"ನಮ್ಮಲ್ಲಿ ಅಕ್ಟೋಬರಿಂದ ಮೇ ತನಕ ಯಾರೂ ಹೋಗಲ್ಲ," ಎಂದ.

ಕೇಳಿದ ಜನಸ್ತೋಮದ ಸರಾಸರಿ ವಯಸ್ಸು ಎಪ್ಪತ್ತೆರಡು. ನಾರ್ತ್ ಡಕೋಟಾದವರ ಬಗ್ಗೆ ಅವರಿಗಿದ್ದ ಗೌರವ ಇಮ್ಮಡಿಯಾಯಿತು.

ಮನೆಗೆ ಬಂದವನನ್ನು ಮಾರ್ಡೆಲ್ ಬಾಗಿಲಲ್ಲೇ ತಡೆದಳು. "ಸ್ನಾನದಮನೆನಾದ್ರೂ ಬಿಡಬಾರ್ದಿತ್ತಾ?"

"ನಾಳೆ ಬೆಳಿಗ್ಗೆ ಸೆನ್ಯೋರಾ ನನ್ನ ಕರೀತಾರೆ ನೋಡ್ತಿರು."

"ಕರೀತಾರೆ. ಅದ್ರಲ್ಲಿ ನನಗೂ ಸಂಶಯ ಇಲ್ಲ," ಎಂದಳು ಮಾರ್ಡೆಲ್.

ಚಳಿ ಬಂತು, ಎರಡು ಗಂಟೆ ಇತ್ತು, ಹೋಯಿತು. ಬೆಳಿಗ್ಗೆ ಚೂಯ್‌ನ ಬಾಗಿಲ ಮುಂದಿನ ಬಕೆಟ್ಟಿನಲ್ಲಿ ಹಪ್ಪಳದಷ್ಟು ತೆಳುವಾದ ಮಂಜುಗಡ್ಡೆ ಕಟ್ಟಿತ್ತು. ಅದನ್ನು ನೋಡಲು ಅಷ್ಟು ಹೊತ್ತಿಗಾಗಲೇ ಬೇಕಾದಷ್ಟು ಜನ ಇದ್ದರು. ಯಾಕೆಂದರೆ ಇಡೀ ಪಾರ್ಕಿನಲ್ಲಿ ನೀರು ಬರುತ್ತಿದ್ದ ಏಕೈಕ ಟ್ರೇಲರ್ ಚೂಯ್‌ನದು. ಅವನು ಒಳಗಿನ ಟ್ಯಾಂಕು ತುಂಬಿಸಿ, ಪಂಪಿನ ಬಳಿ ಬಲ್ಬು ಉರಿಸಿ ಮಲಗಿದ್ದ. ಅವನ ಬಾಗಿಲಿಂದ ಹೊರಟ ಸಾಲು ಗೇಟು ದಾಟಿ, ಧ್ವಜಸ್ತಂಭ ಸುತ್ತಿ, ಹದಿನೆಂಟನೇ ಜಾಗದವರೆಗೆ ಬಂದಿತ್ತು. ಎಲ್ಲರೂ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ಕೋಟಿನ ಮೇಲೆ ನಿಯಮದ ಪ್ರಕಾರ ಬಿಲ್ಲೆ ಸಿಕ್ಕಿಸಿಕೊಂಡು ನಿಂತಿದ್ದರು.

"ಬೇಗ ಬೇಗ ಆಗ್ಲಿ!" ಎಂದು ವರ್ಲಿನ್ ಕಾಲು ಬದಲಿಸುತ್ತ ಕೂಗಿದ. "ಅಯೋವಾದವರು ನಾವು ಮೇ ತನಕ ತಡ್ಕೊಳ್ಳೋರಲ್ಲಾ!"

ಚೂಯ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದ. ಹಿಂದಿನ ದಿನ ನಕ್ಕವರನ್ನು ಅವನು ಗುರುತಿಟ್ಟುಕೊಂಡಿದ್ದನೋ ಏನೋ, ವರ್ಲಿನ್‌ನ ಸರದಿ ಬಂದಾಗ, "ಒಂದ್ನಿಮಿಷ, ಪಂಪು ಸ್ವಲ್ಪ ಸುಧಾರಿಸ್ಕೊಳ್ಲಿ," ಎಂದು ಬಹಳ ವಿನಯದಿಂದ ಹೇಳಿದ.

ಗುರುವಾರ ಪಾರ್ಕಿನಲ್ಲಿ ಪ್ಯಾನ್‌ಕೇಕ್ ತಿಂಡಿಯ ದಿನ. ಸಾಲಿನಿಂದ ಬಿಡುಗಡೆಯಾದವರು ಸಭಾಂಗಣಕ್ಕೆ ಹೋದರು. ಡೆಲೋರಿಸ್ ಆರು ಗಂಟೆಗೇ ಎದ್ದು ಹಿಟ್ಟು ಕಲಸಿ ದೋಸೆಯ ಹಾಗೆ ಹುಯ್ಯುತ್ತಿದ್ದಳು. ತಟ್ಟೆಗೆ ಬಿದ್ದ ಪ್ಯಾನ್‌ಕೇಕು ಎಳೆ ಗುಲಾಬಿ ಬಣ್ಣದ್ದಾಗಿತ್ತು. ಸ್ಟ್ರಾಬೆರಿ ಇರಬೇಕೆಂದು ಎಲ್ಲರೂ ಮೆಚ್ಚಿದರು. ವರ್ಲಿನ್ ನಾಲ್ಕು ತಿಂದು ಐದನೆಯದಕ್ಕೆ ತಟ್ಟೆ ಚಾಚಿ, "ಎಲ್ಲಿಂದ ತರಿಸ್ದೆ ಹಣ್ಣು?" ಎಂದು ಕೇಳಿದ.

"ಹಣ್ಣೆಲ್ಲಿಂದ ಬರುತ್ತೆ? ನಲ್ಲಿ ನೀರಲ್ಲಿ ಕಲಸಿದ್ದು."

"ನಲ್ಲೀಲಿ ನೀರಿತ್ತಾ?"

"ಬಾಯ್ಲರಿಂದ ಬಂತು. ಪಿಂಕಾಗಿತ್ತು. ಪಿಂಕ್ ಬಂದ್ರೆ ಸರಿಯಾಗಿದೆ ಅಂತ ಆರ್ವಿಡ್ಡೇ ಹೇಳಿದ್ನಲ್ಲ?"

ವರ್ಲಿನ್ ಫೋರ್ಕು ಕೆಳಗಿಟ್ಟ. ಯಾರೋ ಖಾಲಿ ಕ್ಯಾನೊಂದನ್ನು ಎತ್ತಿ ತಂದರು. ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಕುಡಿಯಬಾರದು" ಎಂಬ ಮಾತು ಮೂರು ಸಲ ಜೋರಾಗಿ ಓದಲ್ಪಟ್ಟಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ವಿಷವಲ್ಲವೆಂದೂ ಬರೆದಿತ್ತು; ಆದರೆ ಅಷ್ಟು ಸಣ್ಣ ಅಕ್ಷರ ಓದಬಲ್ಲ ಕಣ್ಣು ಆ ಸಭಾಂಗಣದಲ್ಲಿ ಇರಲಿಲ್ಲ. ಡೆಲೋರಿಸ್ ಎದೆ ಹಿಡಿದುಕೊಂಡಳು. ವರ್ಲಿನ್ ತನ್ನ ಟ್ರಾಕ್ಟರು ಯಾವ ಮಗನಿಗೆಂದು ಸಾಕ್ಷಿಗಳ ಎದುರು ಘೋಷಿಸಿ, ಅರ್ಧ ನಿಮಿಷದಲ್ಲಿ ಮನಸ್ಸು ಬದಲಾಯಿಸಿ ಇನ್ನೊಬ್ಬ ಮಗನ ಹೆಸರು ಹೇಳಿದ.

ಸೆನ್ಯೋರಾ ಫೋನು ಮಾಡಿದ್ದರಿಂದ ಆರೋಗ್ಯ ಇಲಾಖೆಯ ಅಧಿಕಾರಿಣಿ ಇಪ್ಪತ್ತೇ ನಿಮಿಷಕ್ಕೆ ಬಂದಳು. ಕ್ಯಾನು ಓದಿದಳು, ಪ್ಯಾನ್‌ಕೇಕು ಮೂಸಿದಳು.

"ಎಷ್ಟು ತಿಂದ್ರಿ?"

"ನಾಲ್ಕು," ಎಂದ ವರ್ಲಿನ್ ಕ್ಷೀಣ ಸ್ವರದಲ್ಲಿ. "ಸಿರಪ್ ಹಾಕ್ಕೊಂಡು."

"ಸಿರಪ್ಪಿನದೇ ನನಗೆ ಚಿಂತೆ. ಇದು ವಿಷ ಅಲ್ಲ. ಹೊಟ್ಟೆ ಸ್ವಲ್ಪ ಗುಡುಗುಡು ಅನ್ನಬಹುದು, ಅಷ್ಟೇ. ಎಲ್ಲರೂ ಎರಡೆರಡು ಲೋಟ ನೀರು ಕುಡೀರಿ."

ಯಾರೂ ಅಲುಗಾಡಲಿಲ್ಲ.

"ನೀರು ಕುಡೀರಿ ಅಂದೆ."

"ನೀರಿಲ್ಲ," ಎಂದಳು ಡೆಲೋರಿಸ್.

"ಹೊಟ್ಟೆ ಗುಡುಗುಡು ಅಂದ್ರೆ ಹೋಗೋಕೂ ಜಾಗ ಇಲ್ಲ," ಎಂದ ವರ್ಲಿನ್.

ಅಧಿಕಾರಿಣಿ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, "ಇದನ್ನೆಲ್ಲ ಮಾಡಿಸಿದ್ದು ಯಾರು?" ಎಂದು ಕೇಳಿದಳು. ನೂರಕ್ಕೂ ಹೆಚ್ಚು ಕೈಗಳು ಒಟ್ಟಿಗೆ ಮೇಲೆದ್ದು ಆರ್ವಿಡ್‌ನ ಕಡೆ ಚಾಚಿದವು. ಅವಳು ಅವನ ಎದೆಯ ಬಿಲ್ಲೆಯನ್ನು ನಿಧಾನವಾಗಿ ಓದಿ, ಹಾಳೆಯ ಮೇಲೆ ಏನೋ ಬರೆದುಕೊಂಡಳು.

ಸೆನ್ಯೋರಾ ತಕ್ಷಣ ಮುಖ್ಯ ವಾಲ್ವು ತೆರೆಸಿದರು. ಅರವತ್ತೊಂದು ಟ್ರೇಲರುಗಳ ಹೊಟ್ಟೆಯಡಿಯಿಂದ ಏಕಕಾಲಕ್ಕೆ ಕಾರಂಜಿ ಚಿಮ್ಮಿತು, ಯಾಕೆಂದರೆ ಬಿರಡೆಗಳೆಲ್ಲ ಬಕೆಟ್ಟಿನಲ್ಲಿದ್ದವು. ವಾಲ್ವು ಮುಚ್ಚಿಸಿ ಬಕೆಟ್ಟು ತರಿಸಿದರು. ನೂರಾರು ಬಿರಡೆಗಳು. ಒಂದರಂತೆ ಇನ್ನೊಂದಿಲ್ಲ. ಯಾವುದು ಯಾರದೆಂದು ಆರ್ವಿಡ್‌ಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ. ಜನ ಮೊಣಕಾಲೂರಿ, ಚಪ್ಪಲಿ ಅಂಗಡಿಯಲ್ಲಿ ಅಳತೆ ನೋಡುವ ಹಾಗೆ, ಒಂದೊಂದೇ ಬಿರಡೆ ಹಾಕಿ ತೆಗೆದು ನೋಡಿದರು. ಒಂದೇ ಬಿರಡೆಗಾಗಿ ನಲವತ್ತು ವರ್ಷದ ಸ್ನೇಹಿತರು ಕೋರ್ಟಿನ ಮಾತಾಡಿದರು. ನೀರು ಬಂದಾಗ ಸಂಜೆ ಐದೂವರೆ. ಬಾಯ್ಲರಿನೊಳಗಿನ ಗುಲಾಬಿ ಪೂರ್ತಿ ತೊಳೆದುಹೋಗಲು ಇನ್ನೂ ಮೂರು ದಿನ ಹಿಡಿಯಿತು. ಒಂದೇ ಒಂದು ಪೈಪೂ ಒಡೆದಿರಲಿಲ್ಲ ಎಂಬುದನ್ನು ಆರ್ವಿಡ್ ಆ ಮೂರು ದಿನವೂ ಹೇಳುತ್ತಲೇ ಇದ್ದ, ಆದರೆ ಕೇಳುವವರು ಸಿಗಲಿಲ್ಲ.

ಭಾನುವಾರ ಸೆನ್ಯೋರಾ ಗಂಡಹೆಂಡತಿ ಇಬ್ಬರನ್ನೂ ಆಫೀಸಿಗೆ ಕರೆಸಿದರು. ಪಾರ್ಕಿನಿಂದ ಎತ್ತಂಗಡಿಯೇ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು. ವರ್ಲಿನ್ ಆಗಲೇ ಅರವತ್ತೆರಡನೇ ಜಾಗವನ್ನು ಹೆಜ್ಜೆಯಲ್ಲಿ ಅಳೆದು ಬಂದಿದ್ದ. ಮಾರ್ಡೆಲ್ ಪಿಂಗಾಣಿ ತಟ್ಟೆಗಳನ್ನೆಲ್ಲ ಕಾಗದದಲ್ಲಿ ಸುತ್ತಿಟ್ಟು, ದಾರಿಯಲ್ಲಿ ಮೂರು ಕಡೆ ಮೆಟ್ಟಿಲ ಮೇಲೆ ಕೂತು ಎದ್ದು ಬಂದಳು. ಅವಳು ಕೂತಾಗಲೆಲ್ಲ ಆರ್ವಿಡ್ ಪಕ್ಕದಲ್ಲಿ ನಿಂತು ತನ್ನ ಬೂಟು ನೋಡಿಕೊಂಡ. ಅಂದು ಅವನು ಕೋಟು ಹಾಕಿದ್ದ.

"ಮಿಸ್ಟರ್ ಆರ್ವಿಡ್," ಎಂದರು ಸೆನ್ಯೋರಾ, "ನಿಮ್ಮೂರಲ್ಲಿ ಈ ಕೆಲ್ಸ ಎಷ್ಟ್ ವರ್ಷ ಮಾಡಿದ್ರಿ?"

ಆರ್ವಿಡ್ ಬಾಯಿ ತೆರೆದ. ಹೆಂಡತಿಯ ಮೊಣಕಾಲಿನ ಕಡೆ ನೋಡಿದ. ಮುಚ್ಚಿದ. ಮತ್ತೆ ತೆರೆದ.

"ಮಾಡ್ಲಿಲ್ಲ," ಎಂದ. "ಮಾಡ್ತಿದ್ದವನು ಲೆರಾಯ್. ನಾನು ಟಾರ್ಚ್ ಹಿಡ್ಕೊಂಡಿದ್ದೆ. ಆ ಜಾಗ ಇವಳಿಗೆ ಸಿಗ್ಲಿ ಅಂತ ಮಾತಾಡ್ಬಿಟ್ಟೆ. ಇವಳದೇನೂ ತಪ್ಪಿಲ್ಲ ಸೆನ್ಯೋರಾ. ಇವಳು ಸುಮ್ನಿರು ಅಂದಿದ್ಲು."

ಮೂವತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಮಾರ್ಡೆಲ್ ಅವನ ಬಾಯಿಂದ ಇಷ್ಟು ನೇರವಾದ ಮಾತು ಕೇಳಿರಲಿಲ್ಲ. ಅವಳಿಗೆ ಅಳು ಬಂತು. ಬಂದದ್ದನ್ನು ಅವಳು ಮುಚ್ಚಿಡಲೂ ಇಲ್ಲ.

ಸೆನ್ಯೋರಾ ಕುರ್ಚಿ ತಿರುಗಿಸಿ ಕಿಟಕಿಯಿಂದ ಹೊರಗೆ ನೋಡಿದರು. "ಇಲ್ಲಿಂದ ಅರವತ್ತೆರಡು ಕಾಣಲ್ಲ," ಎಂದರು. "ಅಲ್ಲಿ ನೀವು ಏನ್ ಬಿಚ್ತೀರಿ, ಏನ್ ತುಂಬ್ತೀರಿ, ನನಗೆ ಹೇಗೆ ಗೊತ್ತಾಗ್ಬೇಕು? ಕಳಿಸ್ಬಿಡೋಣ ಅಂದ್ರೆ ಬೇರೆ ಪಾರ್ಕಿನವರು ನನಗೆ ಶಾಪ ಹಾಕ್ತಾರೆ. ನಾಳೆ ಬೆಳಿಗ್ಗೆ ಚೂಯ್ ಬಂದು ನಿಮ್ಮ ಟ್ರೇಲರ್ ಎಳ್ಕೊಂಡು ಬರ್ತಾನೆ. ನಾಲ್ಕನೇ ಜಾಗಕ್ಕೆ. ನನ್ನ ಕಣ್ಣೆದುರಿಗೆ ಇರಿ."

ಸೋಮವಾರ ಸಂಜೆ ಮಾರ್ಡೆಲ್ ಹೊಸ ಜಾಗದ ಮೆಟ್ಟಿಲಿಳಿದು, ಎಲ್ಲೂ ಕೂರದೆ, ಇಸ್ಪೀಟಿಗೆ ಹೋದಳು. ಹನ್ನೊಂದು ಹೆಜ್ಜೆ. ಹೊರಡುವ ಮುಂಚೆ ಗಂಡನ ಕಾಲರು ಸರಿಮಾಡಿ, "ನೀನು ಕೆಡಿಸಿದ್ದರಿಂದ ನನಗೆ ಉಪಕಾರ ಆಗಿದ್ದು ಇದೇ ಮೊದ್ಲು," ಎಂದು ಹೇಳಿ ಅವನ ಕೆನ್ನೆಗೆ ಮುತ್ತು ಕೊಟ್ಟಳು.

ಆರ್ವಿಡ್ ತಾಳೆಮರದಡಿ ಕುರ್ಚಿ ಹಾಕಿಕೊಂಡು ಕೂತ. ಸಭಾಂಗಣದಿಂದ ಅವಳ ನಗು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಕುರ್ಚಿಯ ಪಕ್ಕದ ನಲ್ಲಿ ತೊಟ್ಟಿಕ್ಕುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅವನು ಬಗ್ಗಿ ಕೈ ಚಾಚಿದ. ಎದುರಿನ ಆಫೀಸಿನ ಕಿಟಕಿ ತೆರೆಯಿತು.

"ಮಿಸ್ಟರ್ ಆರ್ವಿಡ್!"

ಅವನು ಕೈ ಹಿಂತೆಗೆದು, ತೊಡೆಯ ಮೇಲಿಟ್ಟುಕೊಂಡು, ಕತ್ತಲಾಗುವವರೆಗೆ ಹಾಗೇ ನೆಮ್ಮದಿಯಾಗಿ ಕೂತಿದ್ದ.